ಗಿಳಿಹಸಿರು ಗೆರೆ ಒಡೆದಿರಲಿಲ್ಲ

"ಸಾಕು ಬಿಡಿ ಅತ್ತಿಗೆ, ಆ ಎಂಜಿನ್‌ಗೆ ಇನ್ನೆಷ್ಟು ಪೌಡರ್ ಬಳಿತೀರಿ? ಕಣ್ಣಿಗೆ ಒಂಚೂರು ಕಾಡಿಗೆ ಹಚ್ಚಿಬಿಟ್ರೆ ಹೆಣ್ಣು ನೋಡೋಕೆ ಬರೋರಿಗೆ ತೋರಿಸಬಹುದು."

ಹೀಗೆ ಅಂದವನು ಮೈದುನ. ಹಳೇ ಟೈರಿನ ಮೇಲೆ ಕೂತಿದ್ದ. ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಾಲ ಹತ್ತಿರ ತುಂಬಿಟ್ಟ ಬ್ಯಾಗು. ದಿನಾ ಹಾಕುತ್ತಿದ್ದ ನೀಲಿ ಕೋಟು ಗೋಡೆಯ ಮೊಳೆಗೆ ನೇತುಬಿದ್ದಿತ್ತು. ಗ್ಯಾರೇಜಿನೊಳಗೆ ಬಿಳಿ ಅಂಗಿ ಹಾಕಿಕೊಂಡು ಕೂತವನನ್ನು ನೋಡಿದಷ್ಟು ಸಲವೂ ಅತ್ತಿಗೆಗೆ ಮೈ ಉರಿಯುತ್ತಿತ್ತು.

"ಬಾಯಿ ಮುಚ್ಕೊಂಡು ಟಾರ್ಚ್ ಹಿಡಿ," ಅಂದಳು. "ಸಂಜೆವರೆಗೂ ನೀನು ಈ ಗ್ಯಾರೇಜಿನವನೇ. ಆಮೇಲೆ ಬೇಕಾದ್ರೆ ಸೋದರಮಾವನ ಅಂಗಡೀಲಿ ಕೂತ್ಕೊಂಡು ಕಂಡೋರ ಕಾಲಿಗೆಲ್ಲ ಚಪ್ಪಲಿ ಹಾಕು."

ಇವನೇ ಎಂಜಿನ್ನಿನ ಸಂದಿ ಮುಚ್ಚುವ ಗ್ಯಾಸ್ಕೆಟ್ ಬದಲಾಯಿಸಿ ಕಳಿಸಿದ್ದ ಎರಡು ವ್ಯಾನು, ಬೇಕರಿಯದೊಂದು, ಡ್ರೈವಿಂಗ್ ಸ್ಕೂಲಿನದೊಂದು, ಒಂದೇ ವಾರದಲ್ಲಿ ಮತ್ತೆ ಆಯಿಲ್ ಸುರಿಸತೊಡಗಿದ್ದವು. ತನ್ನ ಕೈಗುಣವೇ ಸರಿ ಇಲ್ಲ ಅಂತ ಇವನು ಸ್ಪ್ಯಾನರ್ ಕೆಳಗಿಟ್ಟುಬಿಟ್ಟಿದ್ದ. ಚಪ್ಪಲಿ ಅಂಗಡಿಗೆ ಬರ್ತೀನೋ ಇಲ್ಲವೋ ಅಂತ ಸಂಜೆಯೊಳಗೆ ಮಾತು ಕೊಡಬೇಕಿತ್ತು.

ಆ ಕೈಗೆ ಮೊದಲು ಸ್ಪ್ಯಾನರ್ ಕೊಟ್ಟವಳೇ ಅತ್ತಿಗೆ. ಗಂಡ ಲಾರಿ ಹತ್ತಿ ಊರೂರು ಸುತ್ತುವವನು, ಮಾವನಿಗೆ ವಯಸ್ಸಾಯಿತು, ಗ್ಯಾರೇಜು ನಿಂತಿದ್ದೇ ಇವರಿಬ್ಬರ ಮೇಲೆ. ಹುಡುಗ ತಪ್ಪೇ ಮಾಡಲ್ಲ ಅಂತ ಅವಳೇನೂ ಹೇಳುತ್ತಿರಲಿಲ್ಲ. ಆದರೆ ಈ ತಪ್ಪು ಅವನದಲ್ಲ ಅಂತ ಅವಳ ಒಳಮನಸ್ಸು ಪಟ್ಟುಹಿಡಿದು ಕೂತಿತ್ತು.

ಬೇಕರಿ ವ್ಯಾನಿನ ಎಂಜಿನ್ನಿನ ಹಿಂಭಾಗವನ್ನೆಲ್ಲ ಡೀಸೆಲ್ ಹಾಕಿ ತೊಳೆದು, ಒಣಗಿಸಿ, ಮಕ್ಕಳಿಗೆ ಹಾಕುವ ಪೌಡರನ್ನು ಅದರ ಮೇಲೆ ಧಾರಾಳವಾಗಿ ಉದುರಿಸಿದ್ದಳು. ಬಿಳಿ ಪೌಡರಿನ ಮೇಲೆ ಆಯಿಲ್ ಹರಿದರೆ ಅದು ಹೊರಟ ಜಾಗ ಎಲ್ಲೇ ಇದ್ದರೂ ಬಚ್ಚಿಡೋಕೆ ಆಗಲ್ಲ.

"ಸ್ಟಾರ್ಟ್ ಮಾಡು."

ವ್ಯಾನು ಗುರ್ ಅಂದಿತು. ಗ್ಯಾರೇಜಿನ ತುಂಬ ಮಗುವಿನ ಸ್ನಾನ ಮುಗಿದ ಹಾಗೆ ಘಮಘಮ. ಅತ್ತಿಗೆ ಬಗ್ಗಿ ನೋಡಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಕಂದು ಗೆರೆ, ಇರುವೆ ಸಾಲಿನ ಹಾಗೆ, ಮೆಲ್ಲಗೆ ಹೊರಗೆ ಬಂತು. ಬಂದದ್ದು ಕೆಳಗಿನಿಂದಲ್ಲ, ಮೇಲಿನಿಂದ. ಎಂಜಿನ್ನಿನ ನೆತ್ತಿಯ ಮೇಲೆ ಗಾಳಿ ಎಳೆದುಕೊಳ್ಳುವ ಕೊಳವೆಗಳ ಗೊಂಚಲು ಕೂತಿರುತ್ತದಲ್ಲ, ಆ ಮ್ಯಾನಿಫೋಲ್ಡಿನ ಹಿಂದಿನ ಮೂಲೆಯಿಂದ.

"ಸಿಕ್ಕಿದ ಕಳ್ಳ!" ಅಂತ ಅತ್ತಿಗೆ ಚಪ್ಪಾಳೆ ತಟ್ಟಿದಳು. ಪೌಡರ್ ಎದ್ದು ಮೈದುನನ ಬಿಳಿ ಅಂಗಿಯನ್ನೂ ಮೂಗನ್ನೂ ಮುತ್ತಿತು. ಅವನು ಸೀನಿದ.

"ಎಂಜಿನ್ನಿನ ಅಡೀಲಿರೋ ಕ್ರ್ಯಾಂಕಿನ ಸೀಲು ಹೋಗಿದೆ ಅಂತ ನಾನು ಮೊನ್ನೇನೇ ಹೇಳಿದ್ನಲ್ಲ!" ಬಾಗಿಲಿನಿಂದ ಒಂದು ಗಡಸು ದನಿ.

ಎದುರು ಗ್ಯಾರೇಜಿನ ಮೀಸೆ. ಅವನಿಗೆ ಹೆಸರಿದೆಯೋ ಇಲ್ಲವೋ, ಬೀದಿಯವರಿಗೆಲ್ಲ ಅವನು ಮೀಸೆಯೇ. ಇವರ ಗ್ಯಾರೇಜಿನಲ್ಲಿ ಒಂದು ನಟ್ಟು ಬಿದ್ದರೂ ಅವನಿಗೆ ಕೇಳಿಸುತ್ತಿತ್ತು.

"ಬನ್ನಿ ಅಣ್ಣ, ಬನ್ನಿ. ಇಲ್ಲಿ ನೋಡಿ," ಅಂದಳು ಅತ್ತಿಗೆ. "ಹನಿ ಬಿದ್ದಿದ್ದು ಗೇರ್‌ಬಾಕ್ಸ್ ಹತ್ರ ಅಂತ ನೀವು ಅಲ್ಲೇ ತೀರ್ಪು ಕೊಟ್ರಿ. ಮಾಳಿಗೆ ಸೋರಿದ ನೀರು ಗೋಡೆ ಹಿಡ್ಕೊಂಡು ಇನ್ನೆಲ್ಲೋ ಇಳಿಯಲ್ವಾ? ಇದೂ ಹಾಗೇ. ಸೋರಿದ್ದು ಮೇಲೆ, ಸಿಕ್ಕಿಬಿದ್ದಿದ್ದು ಕೆಳಗೆ."

ಮೀಸೆ ಬಗ್ಗಿ ನೋಡಿ, ಪೌಡರ್ ಮೂಸಿ, ಮೀಸೆ ಒರೆಸಿಕೊಂಡ. "ಹಾಗಾದ್ರೆ ನಿಮ್ಮ ಹುಡುಗ ಬೋಲ್ಟ್ ಸರಿಯಾಗಿ ಬಿಗಿ ಮಾಡಿಲ್ಲ ಅಂತಾಯ್ತು."

ಟೈರಿನ ಮೇಲೆ ಕೂತಿದ್ದವನು ತಲೆ ತಗ್ಗಿಸಿದ. 

"ಅಥವಾ ಯಾರೋ ಪುಣ್ಯಾತ್ಮರು ಬಂದು ಸಡಿಲ ಮಾಡಿದಾರೆ ಅಂತಾಯ್ತು," ಅಂದಳು ಅವನ ಮೀಸೆಯನ್ನೇ ನೋಡುತ್ತ.

"ಏ, ಏನಮ್ಮಾ ಅಂದ್ರೆ? ನಾನಾ? ನನ್ನ ಗ್ಯಾರೇಜಿನ ಬೋಲ್ಟ್ ಬಿಚ್ಚೋಕೇ ನಂಗೆ ಪುರುಸೊತ್ತಿಲ್ಲ!"

"ಬೇಜಾರು ಮಾಡ್ಕೋಬೇಡಿ. ಈಗ್ಲೇ ಗೊತ್ತಾಗುತ್ತೆ."

ಗೊತ್ತಾಗುವ ಉಪಾಯ ಅವಳ ಹತ್ತಿರ ಇತ್ತು. ಬೋಲ್ಟ್ ಬಿಗಿ ಮಾಡುವುದು ಮೈದುನನ ಕೆಲಸ: ಮಧ್ಯದಿಂದ ಶುರುಮಾಡಿ, ಅಡ್ಡಡ್ಡವಾಗಿ, ಅಂಚಿನ ಕಡೆಗೆ, ಅಳತೆಯ ಸ್ಪ್ಯಾನರಿನಲ್ಲಿ ಸ್ವಲ್ಪ ಸ್ವಲ್ಪವೇ. ಅದಾದ ಮೇಲೆ ಅತ್ತಿಗೆ ಒಂದೊಂದನ್ನೂ ತಾನೇ ಪರೀಕ್ಷಿಸಿ, ಬೋಲ್ಟಿನ ತಲೆಯಿಂದ ಪಕ್ಕದ ಲೋಹಕ್ಕೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದಳು. ಬೋಲ್ಟ್ ಕೂದಲೆಳೆಯಷ್ಟು ತಿರುಗಿದರೂ ಗೆರೆ ಒಡೆದು ಎರಡಾಗುತ್ತದೆ.

ಬಣ್ಣವೂ ಅಂಥಿಂಥದ್ದಲ್ಲ, ಕಣ್ಣಿಗೆ ಹೊಡೆಯುವ ಗಿಳಿಹಸಿರು. ಮೈಮೇಲೆ ಪ್ರಜ್ಞೆ ಇರುವ ಯಾವ ಹೆಂಗಸೂ ಅದನ್ನು ಉಗುರಿಗೆ ಹಚ್ಚುವುದಿಲ್ಲ ಅಂತಲೇ ಅವಳು ಅದನ್ನು ಆರಿಸಿಕೊಂಡದ್ದು. ಎರಡು ಬಾಟಲಿ ತಂದಿದ್ದಳು. ಅದರಲ್ಲಿ ಒಂದು ಈಚೆಗೆ ಕಾಣೆಯಾಗಿ, ಮನೆಯವರೆಲ್ಲ ಅವಳ ಬಾಯಿಗೆ ಸಿಕ್ಕಿದ್ದರು.

ಟಾರ್ಚಿನ ಬೆಳಕಿನಲ್ಲಿ ಒಂದೊಂದೇ ಬೋಲ್ಟ್ ನೋಡಿದಳು. ಒಂದು ಗೆರೆಯೂ ಒಡೆದಿರಲಿಲ್ಲ.

"ನೋಡಿದ್ಯಾ? ಬಿಗಿ ಸರಿ ಇತ್ತು. ಯಾರೂ ಮುಟ್ಟಿಲ್ಲ," ಅಂದಳು. ಮೀಸೆ ಎದೆ ಉಬ್ಬಿಸಿದ. "ಅಣ್ಣ, ನೀವೂ ಬಚಾವಾದ್ರಿ. ಹೋಗಿ ಕೆಲಸ ನೋಡಿ."

"ಬಿಗಿ ಸರಿ ಇದ್ರೆ ಸೋರಿದ್ಯಾಕೆ?" ಮೈದುನ ಕೇಳಿದ.

"ಅದು ಒಳಗೆ ಹೋದ್ರೆ ಗೊತ್ತಾಗುತ್ತೆ. ಏಳು, ಅಂಗಿ ಬಿಚ್ಚು."

"ಅತ್ತಿಗೆ, ನಾನಿನ್ನು ಸ್ಪ್ಯಾನರ್ ಮುಟ್ಟಲ್ಲ ಅಂದಿದೀನಿ."

"ಮುಟ್ಬೇಡ. ಟಾರ್ಚ್ ಹಿಡ್ಕೊಂಡು ಒಂಚೂರು ಪುಣ್ಯ ಕಟ್ಕೋ."

ಮ್ಯಾನಿಫೋಲ್ಡ್ ಮೇಲಕ್ಕೆ ಬಂತು. ಈ ಎಂಜಿನ್ನಿನಲ್ಲಿ ಸಿಲಿಂಡರುಗಳು ಎರಡು ಸಾಲಾಗಿ ಆಚೆ ಈಚೆ ವಾಲಿಕೊಂಡಿರುತ್ತವೆ, ನಡುವೆ ಒಂದು ಕಣಿವೆ. ಎರಡು ಬದಿಗೆ ಗ್ಯಾಸ್ಕೆಟ್. ಹಿಂದೆ ಮುಂದೆ ಕಣಿವೆ ಮುಗಿಯುವ ಅಂಚಿಗೆ ಟ್ಯೂಬಿನಿಂದ ಸಿಲಿಕಾನ್ ಪೇಸ್ಟು. ಆ ಪೇಸ್ಟು ಒಣಗಿ ರಬ್ಬರಾಗಿ ಲೋಹವನ್ನು ಕಚ್ಚಿಕೊಂಡರೆ ಆಯಿಲ್ ಒಳಗೇ ಇರುತ್ತದೆ. ಹಿಂದಿನ ಅಂಚಿನ ಪಟ್ಟಿಯನ್ನು ಅತ್ತಿಗೆ ಉಗುರಿನಿಂದ ಎತ್ತಿದಳು. ಚೂರುಚೂರಾಗಿ ಕಿತ್ತು ಬರಬೇಕಾದದ್ದು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸಲೀಸಾಗಿ ಎದ್ದು ಬಂತು.

"ಕಚ್ಚೇ ಇಲ್ಲ ಇದು!" ಮೈದುನ ತನ್ನ ಹಟ ಮರೆತು ಮುಂದೆ ಬಗ್ಗಿದ. "ನಾನು ಚೆನ್ನಾಗಿ ಒರೆಸಿದ್ದೆ ಅತ್ತಿಗೆ. ಹಳೇ ಪೇಸ್ಟನ್ನೆಲ್ಲ ಪ್ಲಾಸ್ಟಿಕ್ಕಿಂದಲೇ ಕೆರೆದೆ, ಚೂರು ಒಳಗೆ ಬೀಳದ ಹಾಗೆ ರಂಧ್ರಕ್ಕೆಲ್ಲ ಬಟ್ಟೆ ತುರುಕಿದ್ದೆ, ಆಮೇಲೆ ಥಿನ್ನರ್ ಹಾಕಿ ಒರೆಸಿದೆ. ನಿಮ್ಮಾಣೆ."

"ನನ್ನಾಣೆ ಯಾಕೆ, ನಿನ್ನ ಆಣೆ ಹಾಕ್ಕೋ. ಒರೆಸಿದ ಮೇಲೆ ತಕ್ಷಣ ಪೇಸ್ಟ್ ಹಾಕಿದ್ಯಾ?"

"ತಕ್ಷಣ ಅಂದ್ರೆ... ಊಟಕ್ಕೆ ಹೋಗಿಬಂದು ಹಾಕಿದೆ."

"ಬಂದ ಮೇಲೆ ಮತ್ತೆ ಒರೆಸಿದ್ಯಾ?"

"ಒರೆಸಿದ್ದನ್ನ ಯಾಕೆ ಒರೆಸೋದು?"

ಅತ್ತಿಗೆ ಪಟ್ಟಿಯ ಕೆಳಗಿನ ಮೈಯನ್ನು ಬೆಳಕಿಗೆ ಹಿಡಿದಳು. ಜಿಡ್ಡು. ಮೂಸಿದಳು. ಎಂಜಿನ್ ಆಯಿಲ್ ಅಲ್ಲ, ಗ್ರೀಸು. ಅದೂ ಈಗ ಯಾರೂ ಬಳಸದ ಹಳೇ ಹಳದಿ ಗ್ರೀಸು. ಆ ಜಿಡ್ಡಿನ ಮೇಲೆ ಬೆರಳೊಂದು ಸವರಿದ ಗುರುತು ರಬ್ಬರಿನಲ್ಲಿ ಅಚ್ಚಾಗಿ ಕೂತಿತ್ತು. ಬೆರಳಿನ ನಡುವೆ ಉದ್ದಕ್ಕೊಂದು ಗೀರು.

ಅತ್ತಿಗೆಯ ಕೈ ಹಾಗೇ ನಿಂತಿತು. ಆ ಗೀರನ್ನು ಅವಳು ದಿನಾ ನೋಡುತ್ತಿದ್ದಳು, ಕಾಫಿ ಲೋಟ ಕೊಡುವಾಗ.

"ಏನಾಯ್ತು ಅತ್ತಿಗೆ?"

"ಏನಿಲ್ಲ. ಹಸಿವು," ಅಂದು ಪಟ್ಟಿಯನ್ನು ಜೇಬಿಗೆ ಹಾಕಿಕೊಂಡಳು.

ಹೇಳಿ ಕರೆಸಿದ ಹಾಗೆ ಹಿಂದಿನ ಮನೆಯಿಂದ ಮಾವ ಬಂದರು, ಕೈಯಲ್ಲಿ ಊಟದ ಕ್ಯಾರಿಯರ್. ಈ ಗ್ಯಾರೇಜು ಕಟ್ಟಿದವರೇ ಅವರು. ಈಗ ಅವರ ಪಾಲಿಗೆ ಉಳಿದ ಕೆಲಸ ಇದೊಂದೇ: ಊಟ ತರುವುದು, ಇವರು ಒಳಕೋಣೆಯಲ್ಲಿ ಉಣ್ಣುವಾಗ ಗ್ಯಾರೇಜು ಕಾಯುವುದು. ಇವತ್ತು ತಲೆಗೆ ನೀರು ಹಚ್ಚಿ ನೀಟಾಗಿ ಬಾಚಿದ್ದರು.

"ಡ್ರೈವಿಂಗ್ ಸ್ಕೂಲಿನ ಟೀಚರಮ್ಮ ಎಷ್ಟು ಹೊತ್ತಿಗೆ ಬರ್ತಾಳಂತೆ?" ಅಂತ ಕೇಳಿದರು.

"ಊಟ ಆದ ಮೇಲೆ ಮಾವ. ಯಾಕೆ?"

"ಸುಮ್ನೆ ಕೇಳ್ದೆ. ಕೇಳಬಾರದಾ?"

ಅತ್ತಿಗೆ ಎಂಜಿನ್ನಿನ ಅಂಚನ್ನು ಥಿನ್ನರ್ ಬಟ್ಟೆಯಿಂದ ಕನ್ನಡಿಯ ಹಾಗೆ ಒರೆಸಿದಳು. "ಬಾರೋ, ಊಟ ಮಾಡಿ ಬಂದು ಪೇಸ್ಟ್ ಹಾಕೋಣ," ಅಂತ ಜೋರಾಗಿ ಹೇಳಿ ಮೈದುನನನ್ನು ಒಳಕೋಣೆಗೆ ಅಟ್ಟಿದಳು. ತಾನು ಮಾತ್ರ ಬಾಗಿಲ ಸಂದಿಗೆ ಕಣ್ಣಿಟ್ಟು ನಿಂತಳು.

ಮಾವ ಸ್ವಲ್ಪ ಹೊತ್ತು ಸ್ಟೂಲಿನ ಮೇಲೆ ಕೂತರು. ಆಚೆ ನೋಡಿದರು, ಈಚೆ ನೋಡಿದರು. ಆಮೇಲೆ ಎದ್ದು, ಸೊಂಟ ಹಿಡಿದುಕೊಂಡು ಬಗ್ಗಿ, ಮೂಲೆಯ ಹಳೇ ಪೆಟ್ಟಿಗೆಯಿಂದ ಒಂದು ತುಕ್ಕು ಹಿಡಿದ ಡಬ್ಬಿ ತೆಗೆದರು. ತೋರುಬೆರಳನ್ನು ಅದ್ದಿದರು.

"ಬಾ ಕಂದಾ, ನಿನ್ನ ಒಣಗಿಸಿ ಇಟ್ಟಿದಾರಲ್ಲ," ಅಂತ ಎಂಜಿನ್ನಿಗೆ ಹೇಳುತ್ತ, ಮೊಮ್ಮಗುವಿನ ಕೆನ್ನೆ ಸವರುವ ಹಾಗೆ ಅಂಚಿನುದ್ದಕ್ಕೂ ಗ್ರೀಸು ಸವರಿದರು.

"ಮಾವ."

ಡಬ್ಬಿ ನೆಲಕ್ಕೆ ಬಿದ್ದು ಟಣ್ ಅಂದಿತು.

"ಅಯ್ಯೋ! ಊಟ ಇಷ್ಟು ಬೇಗ ಆಯ್ತಾ ನಿಂದು?"

"ಊಟ ಇನ್ನೂ ಶುರುವೇ ಆಗಿಲ್ಲ. ನೀವೇನು ಮಾಡ್ತಿದೀರಿ?"

"ಏನಿಲ್ಲಮ್ಮ. ನೀವು ಈಗಿನೋರು ಒಣ ಬ್ರೆಡ್ಡಿನ ಮೇಲೆ ಒಣ ಬ್ರೆಡ್ಡು ಇಟ್ಟ ಹಾಗೆ ಮುಚ್ಚಿಬಿಡ್ತೀರಿ. ಒಂಚೂರು ಗ್ರೀಸು ಸವರಿದ್ರೆ ಹದವಾಗಿ ಕೂತ್ಕೊಳ್ಳುತ್ತೆ. ಮುಂದಿನ ಸಲ ಬಿಚ್ಚೋಕೂ ಸಲೀಸು. ನಾನು ಜೀವಮಾನವೆಲ್ಲ ಹೀಗೇ ಮಾಡಿದ್ದು, ಒಂದಾದ್ರೂ ಸೋರ್ತಾ?"

"ಅದು ಕಾರ್ಕಿನ ಗ್ಯಾಸ್ಕೆಟ್ ಕಾಲ ಮಾವ. ಆಗ ಅದೇ ಸರಿ. ಈ ಪೇಸ್ಟು ಜಿಡ್ಡಿನ ಮೇಲೆ ಕಚ್ಚಲ್ಲ. ಲೋಹ ಒಣಗಿ ಖಣಖಣ ಅನ್ನಬೇಕು."

ಜೇಬಿನಿಂದ ಪಟ್ಟಿ ತೆಗೆದು ಅವರ ಅಂಗೈಯಲ್ಲಿಟ್ಟಳು. ಮಾವ ಅದನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಅಚ್ಚಿನ ಮೇಲೆ ತಮ್ಮ ಬೆರಳಿಟ್ಟು ನೋಡಿದರು. ಗೀರಿಗೆ ಗೀರು ಕೂತುಕೊಂಡಿತು.

ಅವರ ಮುಖ ಸಪ್ಪಗಾಯಿತು.

"ಹಾಗಾದ್ರೆ ಹುಡುಗನ ಕೈ..."

"ಅವನ ಕೈಯಲ್ಲಿ ಏನೂ ಐಬಿಲ್ಲ."

"ಅವನು ಬ್ಯಾಗು ತುಂಬಿಟ್ಟಿದ್ದು ನನ್ನಿಂದಾನಾ?" ಮುದುಕರು ಸ್ಟೂಲಿನ ಮೇಲೆ ಕುಸಿದರು. "ಏನು ಮಾಡ್ಲಿ ಹೇಳು. ಮನೇಲಿ ಸುಮ್ನೆ ಕೂತ್ರೆ ಕೈ ಕಡಿಯುತ್ತೆ ಕಣಮ್ಮ. ನೀವಂತೂ ಏನೂ ಮುಟ್ಟೋಕೆ ಬಿಡಲ್ಲ. ಒಂಚೂರು ಸಹಾಯ ಆಗಲಿ ಅಂತ..."

ಅತ್ತಿಗೆ ಬೈಯಬೇಕು ಅಂತ ಜೋಡಿಸಿಟ್ಟುಕೊಂಡ ಮಾತನ್ನೆಲ್ಲ ಬಿಟ್ಟು ಅವರ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಆ ಜಿಡ್ಡಿನ ಬೆರಳನ್ನು ಬಟ್ಟೆಯಿಂದ ಒರೆಸಿದಳು.

"ಮಾವ, ಒಂದು ಕೆಲಸ ಕೊಡ್ತೀನಿ, ಮಾಡ್ತೀರಾ? ಇನ್ಮೇಲೆ ಪೇಸ್ಟ್ ಹಾಕೋ ಮುಂಚೆ ಕೊನೇ ಸಲ ಒರೆಸೋದು ನೀವು. ನೀವು ಒರೆಸಿ ಹೂಂ ಅನ್ನೋವರೆಗೂ ಯಾರೂ ಟ್ಯೂಬಿನ ಮುಚ್ಚಳ ತೆಗೆಯಂಗಿಲ್ಲ. ಆ ಡಬ್ಬಿ ಮಾತ್ರ ನನ್ನ ಕೈಗೆ ಕೊಟ್ಬಿಡಿ."

ಮಾವ ಕಣ್ಣೊರೆಸಿಕೊಂಡು ಡಬ್ಬಿ ಕಡೆ ಒಂದು ಸಲ ನೋಡಿದರು. "ಅಷ್ಟೂನಾ? ಇನ್ನೂ ಅರ್ಧ ಇದೆ ಕಣೆ."

"ಅಷ್ಟೂ."

ಇಬ್ಬರೂ ನಕ್ಕುಬಿಟ್ಟರು.

"ಅಂತೂ ಟೀಚರಮ್ಮನ ವ್ಯಾನಿಗೂ ಇದೇ ಸೇವೆ ಮಾಡಿದೀರಿ," ಅಂದಳು ಅತ್ತಿಗೆ ಏಳುತ್ತ.

"ಇಲ್ಲಪ್ಪಾ ಇಲ್ಲ!" ಮಾವ ಎರಡೂ ಕೈ ಎತ್ತಿದರು. "ಆ ವ್ಯಾನಿನ ಮೇಲೆ ನನ್ನ ಕೈ ಬಿದ್ದೇ ಇಲ್ಲ. ಅವತ್ತು ನಾನು ಕಣ್ಣಿನ ಡಾಕ್ಟರ ಹತ್ರ ಇದ್ದೆ. ಬೇಕಿದ್ರೆ ನಿಮ್ಮತ್ತೇನ ಕೇಳು. ಡಾಕ್ಟರನ್ನೂ ಕೇಳು. ನಾನು ಮುಟ್ಟಿಲ್ಲ, ಬೋಲ್ಟಿಗೂ ನಂಗೂ ಸಂಬಂಧವೇ ಇಲ್ಲ."

ಬೋಲ್ಟಿನ ಮಾತನ್ನು ತಾನು ಎತ್ತೇ ಇರಲಿಲ್ಲವಲ್ಲ ಅಂತ ಅತ್ತಿಗೆಗೆ ಅನ್ನಿಸಿತು. ಆದರೆ ಅಷ್ಟರಲ್ಲಿ ಒಳಕೋಣೆಯಿಂದ ಮೈದುನ ಹೊರಗೆ ಬಂದುಬಿಟ್ಟಿದ್ದ. ಎಲ್ಲವೂ ಅವನಿಗೆ ಕೇಳಿಸಿತ್ತು. ಅಪ್ಪನ ಮುಖ ನೋಡಿದ, ಪಟ್ಟಿ ನೋಡಿದ. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಅಪ್ಪಾ, ನೀನಾ! ವಾರದಿಂದ ನಂಗೆ ನಿದ್ದೆ ಇಲ್ಲ ಗೊತ್ತಾ?"

"ಬೈಯೋ, ಬೈಯಿ," ಅಂದರು ಮಾವ.

ಬೈಯುವ ಬದಲು ಅವನು ಗೋಡೆಯ ಹತ್ತಿರ ಹೋಗಿ ನೀಲಿ ಕೋಟಿಗೆ ಕೈ ಹಾಕಿದ. ಅತ್ತಿಗೆಯ ಜೀವ ತಣ್ಣಗಾಯಿತು.

"ಹಾಕ್ಕೋ, ಹಾಕ್ಕೋ. ಟೀಚರಮ್ಮನ ವ್ಯಾನಿನ ಗುಟ್ಟೂ ಇವತ್ತೇ ಬಿಚ್ಚಿಬಿಡೋಣ," ಅಂದಳು.

ಕೋಟಿನ ಮೇಲಿದ್ದ ಕೈ ಕೆಳಗಿಳಿಯಿತು. "ಅದನ್ನ ಬಿಟ್ಬಿಡಿ ಅತ್ತಿಗೆ."

"ಬಿಡೋದಾ? ಯಾಕೋ?"

"ಅದು ನನ್ನದೇ ತಪ್ಪು ಅಂತ ಇಟ್ಕೊಳ್ಳಿ. ಮುಗೀತು."

"ಇಟ್ಕೊಳ್ಳೋಕೆ ಅದೇನು ಹಪ್ಪಳದ ಡಬ್ಬನಾ? ನೆಟ್ಟಗೆ ಹೇಳು."

ಅವನು ಬ್ಯಾಗನ್ನು ಕಾಲಿನಿಂದ ಹತ್ತಿರಕ್ಕೆ ಎಳೆದುಕೊಂಡ. ಅಷ್ಟರಲ್ಲಿ ಹೊರಗೆ ಪಾಂ ಅಂತ ಹಾರನ್ನು ಕೇಳಿಸಿತು.

ಡ್ರೈವಿಂಗ್ ಸ್ಕೂಲಿನ ವ್ಯಾನು ಬಾಗಿಲ ಮುಂದೆ ಬಂದು, ಗೆರೆ ಹೊಡೆದ ಹಾಗೆ ನೇರವಾಗಿ ನಿಂತಿತು. ಇಳಿದು ಬಂದವಳು ಟೀಚರಮ್ಮ. ಟೀಚರಮ್ಮ ಅಂದರೆ ವಯಸ್ಸಾದವಳೇನಲ್ಲ, ಮೈದುನನ ವಯಸ್ಸೇ. ಸ್ಟೀರಿಂಗ್ ಹಿಡಿಯುವ ಕೈಗೆ ಸದಾ ಬಿಳಿ ಹತ್ತಿಯ ಗ್ಲೌಸು. ಬೇರೆ ದಿನ ಬಂದರೆ ಗ್ಯಾರೇಜಿನವರನ್ನೆಲ್ಲ ನಗಿಸಿ ಹೋಗುವವಳು, ಇವತ್ತು ಯಾರ ಮುಖವನ್ನೂ ನೋಡಲಿಲ್ಲ.

ಅತ್ತಿಗೆ ಬಾನೆಟ್ ಎತ್ತಿದಳು. ಮ್ಯಾನಿಫೋಲ್ಡಿನ ಹಿಂದಿನ ಮೂಲೆ ಒದ್ದೆ. ಬೋಲ್ಟಿನ ಗಿಳಿಹಸಿರು ಗೆರೆಗಳು ಇಲ್ಲೂ ಒಡೆದಿರಲಿಲ್ಲ.

ಆದರೆ ಹಿಂದಿನ ಬೋಲ್ಟುಗಳ ಗೆರೆ ಮಾತ್ರ ಕೊಂಚ ದಪ್ಪ. ಅತ್ತಿಗೆ ಭೂತಗನ್ನಡಿ ತರಿಸಿ ಬಗ್ಗಿ ನೋಡಿದಳು. ಹೊಸ ಗೆರೆಯ ಅಡಿಯಲ್ಲಿ ಹಳೇ ಗೆರೆ. ಹಳೇ ಗೆರೆ ಒಡೆದು ಎರಡಾಗಿತ್ತು. ಬೆರಳಿಟ್ಟು ತಿರುಗಿಸಿದರೆ ಬೋಲ್ಟು ಬಾಟಲಿ ಮುಚ್ಚಳದ ಹಾಗೆ ತಿರುಗಿತು.

ಯಾರೋ ಬೇಕೆಂದೇ ಸಡಿಲ ಮಾಡಿ, ಮೇಲೆ ಅವಳದೇ ಬಣ್ಣದಲ್ಲಿ ಗೆರೆ ಎಳೆದಿದ್ದರು. ಕಾಣೆಯಾದ ಬಾಟಲಿ ಎಲ್ಲಿಗೆ ಹೋಗಿತ್ತು ಅಂತ ಈಗ ಗೊತ್ತಾಯಿತು. ಯಾರ ಕೈಗೆ ಅನ್ನುವುದಷ್ಟೇ ಬಾಕಿ.

"ಕೀಲಿ ಕೊಡಿ ಟೀಚರಮ್ಮ, ವ್ಯಾನು ಒಳಗೆ ತಗೋಬೇಕು."

ಅವಳು ಕೈ ಚಾಚಿದಳು. ಬಿಳಿ ಗ್ಲೌಸಿನ ಹೆಬ್ಬೆರಳ ಮೇಲೆ, ಎಷ್ಟು ಒಗೆದರೂ ಹೋಗದ ಒಂದು ಗಿಳಿಹಸಿರು ಚುಕ್ಕೆ.

ಅತ್ತಿಗೆ ಬಾಯಿ ತೆರೆಯುವುದರೊಳಗೆ ಮೈದುನ ನಡುವೆ ಬಂದು ನಿಂತ. ಸೋದರಮಾವನಿಗೆ ಹಚ್ಚಿದ ಫೋನು ಅವನ ಕಿವಿಯಲ್ಲಿತ್ತು. "ಹಲೋ, ಮಾವಾ? ಹೂಂ, ನಾನೇ. ಚಪ್ಪಲಿ ಅಂಗಡಿಗೆ ಬರ್ತೀನಿ, ನಾಳೆಯಿಂದಲೇ..."

"ಲೋ, ಇಡೋ ಫೋನ್ ಕೆಳಗೆ!" ಅತ್ತಿಗೆ ಚೀರಿದಳು. "ಇವಳೇ ಅಂತ ನಿಂಗೆ ಮೊದಲೇ ಗೊತ್ತಿತ್ತಾ?"

"ಅವರ ಸ್ಕೂಲಿನ ಹತ್ರ ನಾನು ಕಣ್ಣಾರೆ ನೋಡಿದೆ ಅತ್ತಿಗೆ. ಅವರಿಗೆ ನನ್ನ ಕೆಲಸ ಇಷ್ಟವಿಲ್ಲ ಅಂದ್ರೆ ಬಾಯಿಬಿಟ್ಟು ಹೇಳಬಹುದಿತ್ತು. ಅದಕ್ಕೆ ಬೋಲ್ಟ್ ಬಿಚ್ಚಬೇಕಿತ್ತಾ? ಹೋಗ್ಲಿ, ಅವರ ಹೆಸರು ಕೆಡೋದು ಬೇಡ. ನನ್ನ ಹೆಸರೇ ಕೆಡಲಿ."

ಟೀಚರಮ್ಮ ಗ್ಲೌಸು ಬಿಚ್ಚಿ ಕೈಯಲ್ಲಿ ಮುದ್ದೆ ಮಾಡಿಕೊಂಡಳು. ಮುಖ ಕೆಂಪಗಾಗಿತ್ತು.

"ಇಷ್ಟವಿಲ್ಲ ಅಂತಾ? ಇವರು ಕೆಲಸ ಬಿಡ್ತಾರೆ ಅಂತ ಗೊತ್ತಿದ್ರೆ ನಾನು ಸ್ಪ್ಯಾನರ್ ಮುಟ್ತಾನೇ ಇರ್ಲಿಲ್ಲ ಅಕ್ಕಾ," ಅಂದಳು. "ಹೂಂ, ಬಿಚ್ಚಿದ್ದು ನಾನೇ. ಆದರೆ ಸ್ಪ್ಯಾನರ್ ತಂದುಕೊಟ್ಟು, ಬಣ್ಣದ ಬಾಟಲಿ ತಂದುಕೊಟ್ಟು, ಯಾವ ಬೋಲ್ಟ್ ಎಷ್ಟು ತಿರುಗಿಸಬೇಕು ಅಂತ ನಮ್ಮ ಸ್ಕೂಲಿಗೇ ಬಂದು ಹೇಳ್ಕೊಟ್ಟೋರು ಅಲ್ಲಿದಾರೆ. ವ್ಯಾನು ಕೆಟ್ರೆ ತಾನೇ ಇವರನ್ನ ನೋಡೋಕೆ ನಾನು ಮತ್ತೆ ಇಲ್ಲಿಗೆ ಬರೋಕಾಗೋದು ಅಂದೋರೂ ಅವರೇ, ಕೇಳಿ ಬೇಕಾದ್ರೆ."

ಎಲ್ಲರೂ ತಿರುಗಿ ನೋಡಿದರು.

ಸ್ಟೂಲಿನ ಮೇಲೆ ಮಾವ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದರು.

"ಯಾರಮ್ಮಾ ಅದು ಮಾತಾಡ್ತಿರೋದು?" ಅಂದರು. "ಕಣ್ಣಿಗೆ ಔಷಧಿ ಹಾಕಿದಾರೆ, ನಂಗೆ ಏನೂ ಕಾಣಿಸ್ತಿಲ್ಲ."